ಮಗಳ ಜೊತೆ ಪುಸ್ತಕದ ಬಗ್ಗೆ ಮಾತಾಡಲು ಕಲಿತ ಒಂದು ವರ್ಷ

ಕಳೆದ ವಾರ ಮಗಳ ಓದಿನ ನೋಟ್‌ಬುಕ್ ಶಾಲೆಯಿಂದ ಕೊನೆಯ ಸಲ ಮನೆಗೆ ಬಂತು. ವರ್ಷ ಮುಗಿದಿದೆ, ಇನ್ನು ಅದಕ್ಕೆ ಸಹಿ ಹಾಕುವ ಕೆಲಸವಿಲ್ಲ. ತಿರುವಿ ನೋಡಿದರೆ ಮೊದಲ ಪುಟಗಳಲ್ಲೆಲ್ಲ ನನ್ನ ಅಕ್ಷರ, ಕೊನೆಯ ಪುಟಗಳಲ್ಲೆಲ್ಲ ಅವಳದ್ದು. ನಡುವೆ ಏನೇನಾಯಿತು ಎಂದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮಕ್ಕಳ ಜೊತೆ ಪುಸ್ತಕದ ಬಗ್ಗೆ ಮಾತಾಡಿ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಹೇಗೆ ಮಾತಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಳೆದುಕೊಂಡ ತಿಂಗಳುಗಳು ನಿಮಗಾದರೂ ಉಳಿಯಲಿ.

ಶುರುವಾದದ್ದು ಒಂದು ಚೀಟಿಯಿಂದ. “ಪ್ರತಿದಿನ 20 ನಿಮಿಷ ಮಗುವಿನಿಂದ ಓದಿಸಿ. ಓದಿದ್ದರ ಬಗ್ಗೆ ಮನೆಯಲ್ಲಿ ಚರ್ಚಿಸಿ. ಸಾರಾಂಶ ಬರೆದು ಸಹಿ ಮಾಡಿ ಕಳಿಸಿ.” ಜೊತೆಗೆ ಐದು ಕಾಲಂ ಎಳೆದ ನೋಟ್‌ಬುಕ್: ತಾರೀಕು, ಪುಸ್ತಕದ ಹೆಸರು, ಪುಟ, ಚರ್ಚೆಯ ಸಾರಾಂಶ, ಪೋಷಕರ ಸಹಿ. ಮಗಳಿಗೆ ಆಗ 8 ತುಂಬಿ ನಾಲ್ಕು ತಿಂಗಳು. ಓದಲು ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಹಾಗಾಗಿ ಇದೇನು ಮಹಾ ಕೆಲಸ ಅಂದುಕೊಂಡೇ ಮೊದಲ ಸಂಜೆ ಪಕ್ಕದಲ್ಲಿ ಕೂತೆ.

“ಕಥೆಯ ನೀತಿ ಏನು?” ಅಂದೆ. “ಗೊತ್ತಿಲ್ಲ.” “ಮುಖ್ಯ ಪಾತ್ರ ಯಾರು?” ಹೆಸರು ಹೇಳಿದಳು. “ಅವನು ಎಂಥವನು?” “ಒಳ್ಳೆಯವನು.” “ಸರಿ, ಇದರಿಂದ ನೀನೇನು ಕಲಿತೆ?” ಅವಳು ಪುಸ್ತಕ ಬಿಟ್ಟು ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದಳು, “ಏನು ಹೇಳ್ಬೇಕು ಅಮ್ಮ?”

ಆ ಮಾತಿನ ತೂಕ ನನಗೆ ಅವತ್ತು ಗೊತ್ತಾಗಲಿಲ್ಲ. ಸರಿಯಾಗಿ ಓದಿಲ್ಲ ಅಂತ ಮತ್ತೊಮ್ಮೆ ಓದಿಸಿದೆ. ಮೂರನೇ ವಾರದ ಹೊತ್ತಿಗೆ, ನಾನು ಕೋಣೆಗೆ ಬರುವ ಸದ್ದಾದರೆ ಅವಳು ಪುಸ್ತಕವನ್ನು ದಿಂಬಿನ ಕೆಳಗೆ ಇಡತೊಡಗಿದಳು. ತನ್ನಷ್ಟಕ್ಕೆ ಖುಷಿಯಾಗಿ ಓದಿಕೊಳ್ಳುತ್ತಿದ್ದ ಮಗು! ಕಾಲಂ ಖಾಲಿ ಬಿಡುವಂತಿಲ್ಲ, ಆದ್ದರಿಂದ ಅವಳು ಮಲಗಿದ ಮೇಲೆ ನಾನೇ ಪುಸ್ತಕ ತಿರುವಿ ಸಾರಾಂಶ ಬರೆಯುತ್ತಿದ್ದೆ. ಹಾಗೆ ಹತ್ತೊಂಬತ್ತು ದಿನ ಬರೆದಿದ್ದೇನೆ. ಅದಕ್ಕೆ ಕೆಂಪು ಶಾಯಿಯಲ್ಲಿ “ಉತ್ತಮ ಚರ್ಚೆ” ಎಂದು ಬಂದ ದಿನ ನನಗೆ ಅಳು ತಡೆಯಲಾಗಲಿಲ್ಲ.

ಎಲ್ಲಿ ತಪ್ಪುತ್ತಿದೆ ಅಂತ ತಿಳಿಯಲು ಒಂದು ಸಂಜೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮರುದಿನ ಬಾಗಿಲು ಹಾಕಿಕೊಂಡು ಕೇಳಿದೆ. 11 ನಿಮಿಷದಲ್ಲಿ ನಾನು ಕೇಳಿದ ಪ್ರಶ್ನೆ 27. ಅದರಲ್ಲಿ ನನಗೆ ಉತ್ತರ ಗೊತ್ತಿಲ್ಲದೆ ಕೇಳಿದ್ದು ಎರಡೇ, ಅದರಲ್ಲೂ ಒಂದು “ಹೋಮ್‌ವರ್ಕ್ ಮುಗೀತಾ?” ಅನ್ನುವುದು. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಅವಳಿಗೆ ಉಸಿರು ಬಿಡಲೂ ಸಮಯವಿರಲಿಲ್ಲ. ಅವಳು ಬಾಯಿ ತೆರೆಯುವುದರೊಳಗೆ ನಾನೇ ಸುಳಿವು ಕೊಡುತ್ತೇನೆ, ಸುಳಿವಿಗೂ ಕಾಯದೆ ಉತ್ತರವನ್ನೂ ಹೇಳಿಬಿಡುತ್ತೇನೆ. ಕಷ್ಟವಾದರೂ ನೀವೂ ಒಮ್ಮೆ ಹೀಗೆ ಕೇಳಿಸಿಕೊಳ್ಳಿ. ಹತ್ತು ಲೇಖನ ಓದಿದರೂ ಗೊತ್ತಾಗದ್ದು ಆ 11 ನಿಮಿಷದಲ್ಲಿ ನನಗೆ ಗೊತ್ತಾಯಿತು.

ಆಮೇಲೆ ಹುಡುಕಿ ಓದಿದೆ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲೇ ತರಗತಿಗಳ ರೆಕಾರ್ಡಿಂಗ್ ಕೇಳಿ ಇದನ್ನೇ ಕಂಡಿದ್ದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸಾಮಾನ್ಯವಾಗಿ ಸುಮ್ಮನಿರುವ ಮಕ್ಕಳೂ ಬಾಯಿಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಮೂರೇ ಸೆಕೆಂಡು! ಓದಿದಾಗ ಇಷ್ಟು ಸುಲಭವಾ ಅನ್ನಿಸಿತು. ಕೂತು ಕಾದು ನೋಡಿದಾಗ ಅದೆಷ್ಟು ದೀರ್ಘ ಅಂತ ತಿಳಿಯಿತು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುವುದು ರೂಢಿ ಮಾಡಿಕೊಂಡೆ. ಮೊದಲ ಎರಡು ದಿನ ಐದು ಮುಗಿದರೂ ಮಾತಿಲ್ಲ. ಮೂರನೇ ದಿನ ನಾನು ಪ್ರಶ್ನೆಯನ್ನೇ ಕೇಳಲಿಲ್ಲ, “ಈ ಪುಟ ನನಗೆ ಸರಿಯಾಗಿ ಅರ್ಥ ಆಗ್ಲಿಲ್ಲ” ಎಂದು ಇದ್ದದ್ದನ್ನು ಹೇಳಿ ಸುಮ್ಮನಾದೆ. ಅವಳು ಪುಟದ ಮೂಲೆಯನ್ನು ಹೆಬ್ಬೆರಳಿನಿಂದ ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ ಇದ್ದಳು. ಏಳು, ಎಂಟು ಎಣಿಸಿರಬೇಕು. “ನಂಗೂ” ಅಂದಳು. ಆಮೇಲೆ, “ಅವನು ಕೋಪದಲ್ಲಿ ಹೋದ ಅಂತ ಇದೆ. ಆದ್ರೆ ಚಿತ್ರದಲ್ಲಿ ಬಾಗಿಲು ಮೆತ್ತಗೆ ಹಾಕ್ತಿದಾನೆ ನೋಡು.” ನಾನು ಚಿತ್ರವನ್ನು ನೋಡಿಯೇ ಇರಲಿಲ್ಲ.

ಅವತ್ತಿನ ಸಾರಾಂಶದ ಕಾಲಂನಲ್ಲಿ ಅದೊಂದೇ ವಾಕ್ಯ ಬರೆದೆ. ಅದು ಅವಳ ವಾಕ್ಯ.

ಇನ್ನು ಮುಂದೆ ಎಲ್ಲ ಸಲೀಸು ಅಂದುಕೊಂಡಿದ್ದೆ, ಆಗಲಿಲ್ಲ. ಕೆಲಸ ಮುಗಿಸಿ ದಣಿದು ಬಂದ ದಿನ ಹಳೆಯ ಪರೀಕ್ಷೆಯೇ ಬಾಯಿಗೆ ಬರುತ್ತಿತ್ತು. ಅವಳ ಅಪ್ಪ ಪುಸ್ತಕ ಓದುವವರಲ್ಲ, “ಅದು ನಿನ್ನ ಡಿಪಾರ್ಟ್‌ಮೆಂಟ್” ಎಂದು ದೂರವೇ ಉಳಿದರು. ಇದನ್ನು ನಿಜವಾಗಿ ತಿರುಗಿಸಿದ್ದು ನಮ್ಮ ಅತ್ತೆ. ಅವರಿಗೆ ಶಾಲೆಯ ಪುಸ್ತಕಗಳ ಭಾಷೆ ಓದಲು ಬರುವುದಿಲ್ಲ. ಮೊಮ್ಮಗಳ ಪಕ್ಕದಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದವರು ಒಂದು ದಿನ ಚಿತ್ರಕ್ಕೆ ಬೆರಳಿಟ್ಟು, “ಇವಳ್ಯಾರೇ? ಯಾಕೆ ಹೀಗೆ ಕೂತಿದಾಳೆ?” ಅಂದರು. ಮಗಳು ಹೇಳಿದಳು. “ಆಮೇಲೆ?” ಅಂದರು. ಹೇಳಿದಳು. “ಅಯ್ಯೋ, ಅವಳಮ್ಮನಿಗೆ ಗೊತ್ತಾಗ್ಲಿಲ್ವಾ?” “ಗೊತ್ತಾಗಿರುತ್ತೆ ಅಜ್ಜಿ, ಆದ್ರೆ ಗೊತ್ತಾಗಿದೆ ಅಂತ ತೋರಿಸ್ಕೊಳ್ಳಲ್ಲ.” ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಗಡಿಯಾರ ನೋಡಿದರೆ ಇಪ್ಪತ್ತು ನಿಮಿಷ ದಾಟಿತ್ತು. ನನ್ನ ಹತ್ತಿರ ಮೂರು ಪದಕ್ಕಿಂತ ಹೆಚ್ಚು ಆಡದ ಮಗು ಅಜ್ಜಿಗೆ ಇಡೀ ಅಧ್ಯಾಯ ಬಿಡಿಸಿ ಹೇಳುತ್ತಿತ್ತು, ಅಜ್ಜಿಗೆ ತಿಳಿಯದ ಪದ ಬಂದಾಗ ಮನೆಮಾತಿನಲ್ಲಿ ಅದಕ್ಕೊಂದು ಪದ ಹುಡುಕುತ್ತಿತ್ತು.

ಅತ್ತೆಗೆ ಕಥೆ ನಿಜಕ್ಕೂ ಗೊತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಅಷ್ಟೇ. ನಾನು ಕೇಳುವಾಗ ಉತ್ತರ ನನ್ನ ಬಳಿ ಮೊದಲೇ ಇದೆ ಅಂತ ಮಗಳಿಗೆ ಗೊತ್ತಿತ್ತು, ಅದನ್ನು ಊಹಿಸುವುದೇ ಅವಳ ಕೆಲಸವಾಗಿತ್ತು. ಅಜ್ಜಿ ಕೇಳುವಾಗ ಅವಳಿಗೇ ಹೆಚ್ಚು ಗೊತ್ತು. ಅಂದಿನಿಂದ ನಾನು ಇಟ್ಟುಕೊಂಡ ನಿಯಮ ಒಂದೇ: ನನಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬಾರದು. ಪುಸ್ತಕ ಓದಲು ಬಾರದ, ಅಥವಾ ಮಗುವಿನ ಪಠ್ಯದ ಭಾಷೆ ಬಾರದ ಅಪ್ಪ ಅಮ್ಮಂದಿರು ಇದನ್ನು ಓದಿಸಿ ಕೇಳುತ್ತಿದ್ದರೆ, ದಯವಿಟ್ಟು ಹಿಂಜರಿಯಬೇಡಿ. ಪುಸ್ತಕ ಯಾವ ಭಾಷೆಯದ್ದಾದರೂ ಮಾತು ನಿಮ್ಮ ಭಾಷೆಯಲ್ಲಿ ನಡೆಯಬಹುದು. ಮಗು ಎರಡೂ ಭಾಷೆಯಲ್ಲಿ ಯೋಚಿಸುತ್ತದೆ, ಅದರಿಂದ ಅದಕ್ಕೆ ನಷ್ಟವೇನಿಲ್ಲ.

ಚಿಕ್ಕ ಮಗನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೂರು ವರ್ಷದ ಮಗುವಿಗೆ ದಾರಿ ಬೇರೆ. ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1988ರಲ್ಲಿ ಪುಟ್ಟ ಮಕ್ಕಳ ತಾಯಂದಿರಿಗೆ ಚಿತ್ರಪುಸ್ತಕ ಓದುವ ಒಂದು ಕ್ರಮ ಹೇಳಿಕೊಟ್ಟು, ಒಂದು ತಿಂಗಳಲ್ಲೇ ಮಕ್ಕಳ ಮಾತು ಸುಧಾರಿಸಿದ್ದನ್ನು ತೋರಿಸಿದ್ದರು. ಓದುವವರು ಕಡಿಮೆ ಮಾತಾಡಿ ಮಗುವನ್ನೇ ಕಥೆ ಹೇಳುವವನನ್ನಾಗಿ ಮಾಡುವುದು ಅದರ ಹುರುಳು. ನಾನು ಮಾಡುತ್ತಿದ್ದದ್ದು ಹೀಗೆ. ಚಿತ್ರ ತೋರಿಸಿ “ಇದೇನು?” ಎನ್ನುತ್ತೇನೆ. “ಲಾರಿ” ಅನ್ನುತ್ತಾನೆ. “ಹೌದು, ಲಾರಿ. ಕೆಸರಲ್ಲಿ ಸಿಕ್ಕಿಕೊಂಡ ದೊಡ್ಡ ಲಾರಿ” ಎಂದು ಮೂರು ಪದ ಸೇರಿಸುತ್ತೇನೆ. ಅವನು “ಕೆಸಲಲ್ಲಿ ದೊಡ್ಡ ಲಾರಿ” ಎಂದು ಮತ್ತೆ ಹೇಳುತ್ತಾನೆ. ಕೇಳುವುದು, ಒಪ್ಪುವುದು, ಸ್ವಲ್ಪ ಹಿಗ್ಗಿಸುವುದು, ಮತ್ತೆ ಹೇಳಿಸುವುದು. ಈ ವಯಸ್ಸಿಗೆ “ಇದೇನು” ಎಂಬ ಉತ್ತರ ಗೊತ್ತಿರುವ ಪ್ರಶ್ನೆಯೂ ನಡೆಯುತ್ತದೆ, ಹೆಸರು ಹೇಳುವುದೇ ಅವನಿಗೆ ಆಟ. ಸ್ವಲ್ಪ ದಿನದಲ್ಲೇ “ನಾವೂ ಕೆಸರಲ್ಲಿ ಸಿಕ್ಕಿಹಾಕ್ಕೊಂಡಿದ್ವಲ್ಲ, ಅವತ್ತು?” ಎಂದು ಅವನ ದಿನಕ್ಕೆ ಜೋಡಿಸಿದರೆ ಮಾತು ನಿಲ್ಲುವುದೇ ಇಲ್ಲ. ಅದೇ ಪುಸ್ತಕವನ್ನು ನಲವತ್ತು ಸಲ ಓದಬೇಕಾಗುತ್ತದೆ. ಓದಿ, ಬೇಸರ ಮಾಡಿಕೊಳ್ಳಬೇಡಿ, ಪ್ರತಿ ಸಲವೂ ಅವನು ಹೇಳುವ ಪಾಲು ಹೆಚ್ಚುತ್ತದೆ.

ದೊಡ್ಡವಳ ಕಡೆಗೆ ಬರುತ್ತೇನೆ, ಯಾಕೆಂದರೆ ನಾನು ಮಾಡಿದ ದೊಡ್ಡ ತಪ್ಪು ಅಲ್ಲಿದೆ.

ನಾಲ್ಕನೇ ತಿಂಗಳಲ್ಲಿ ಗ್ರಂಥಾಲಯದಿಂದ ಒಂದು ಪುಸ್ತಕ ತಂದಿದ್ದೆವು. ಅದರಲ್ಲಿ ಒಬ್ಬ ಹುಡುಗಿಯ ಕೈಯಿಂದ ತಾತನ ಹಳೆಯ ಗಡಿಯಾರ ಬಿದ್ದು ಒಡೆಯುತ್ತದೆ. ಅವಳು ಅದನ್ನು ಹಳೆ ಸ್ವೆಟರಿನಲ್ಲಿ ಸುತ್ತಿ ಅಡಗಿಸಿಡುತ್ತಾಳೆ. ದಿನಗಳು ಹೋಗುತ್ತವೆ. ಈ ಸಲ ನಾವಿಬ್ಬರೂ ಬೇರೆಬೇರೆಯಾಗಿ ಓದಿದೆವು, ನಾನು ಅವಳಿಗಿಂತ ಒಂದು ಅಧ್ಯಾಯ ಹಿಂದೆ. ಅದಕ್ಕಾಗಿ ಎರಡನೇ ಪ್ರತಿ ಕಾಯ್ದಿರಿಸಿ ಹತ್ತೊಂಬತ್ತು ದಿನ ಕಾದಿದ್ದೆ. ಒಂದು ರಾತ್ರಿ ದೀಪ ಆರಿಸಿದ ಮೇಲೆ ನಾನು, “ಇಷ್ಟು ದಿನ ಸುಳ್ಳು ಹೇಳ್ಕೊಂಡು ಹೇಗೆ ಇದ್ದಾಳೋ” ಅಂದೆ. ಕತ್ತಲಲ್ಲಿ ಅವಳ ದನಿ ಬಂತು. “ಅವಳು ಸುಳ್ಳು ಹೇಳಿಲ್ಲ. ಯಾರೂ ಕೇಳ್ಲಿಲ್ಲ, ಅಷ್ಟೆ.” ನಾನು ಎಣಿಸಿದೆ. ಒಂದು, ಎರಡು, ಮೂರು. “ನನ್ನನ್ನೂ ಯಾರೂ ಕೇಳ್ಲಿಲ್ಲ.”

ಐದರವರೆಗೆ ಎಣಿಸಲು ನನ್ನಿಂದ ಆಗಲಿಲ್ಲ. ದೀಪ ಹಾಕಿದೆ, ಎದ್ದು ಕೂತೆ. ಏನಾಯ್ತು, ಎಲ್ಲಿ, ಯಾವಾಗ, ಯಾರು? ತರಗತಿಯಲ್ಲಿ ಅವಳ ಜೊತೆ ಕೂರುತ್ತಿದ್ದ ಗೆಳತಿ ಜಾಗ ಬದಲಿಸಿ ಒಂದೂವರೆ ತಿಂಗಳಾಗಿತ್ತಂತೆ. ಊಟದ ಹೊತ್ತಿನಲ್ಲಿ ಇವಳು ಒಬ್ಬಳೇ. ಅಷ್ಟು ಹೇಳಿ ಗೋಡೆಗೆ ತಿರುಗಿ ಮಲಗಿದಳು. ಮರುದಿನ ನಾನು ಆ ಪುಸ್ತಕ ಹಿಡಿದುಕೊಂಡು ಹೋಗಿ, “ಗಡಿಯಾರದ ಹುಡುಗಿಯ ಹಾಗೆ ನೀನೂ…” ಎಂದು ಶುರು ಮಾಡಿದೆ. ಅವಳು ಪುಸ್ತಕ ಮುಚ್ಚಿದಳು. ಒಂಬತ್ತು ದಿನ ಯಾವ ಪುಸ್ತಕದ ಬಗ್ಗೆಯೂ ಒಂದು ಮಾತಿಲ್ಲ.

ಆ ಒಂಬತ್ತು ದಿನ ನನ್ನ ಮನಸ್ಸು ಹೇಗಿತ್ತು ಅಂತ ಬರೆಯಲು ಈಗಲೂ ಕಷ್ಟ. ಮಗಳು ಒಂಟಿಯಾಗಿದ್ದ ಸಂಕಟ ಒಂದು ಕಡೆ, ಅವಳು ಬಾಯಿಬಿಟ್ಟ ಒಂದೇ ಜಾಗವನ್ನು ನಾನೇ ಕೆಡಿಸಿದೆನೆಂಬ ಸಂಕಟ ಇನ್ನೊಂದು ಕಡೆ. ಮಕ್ಕಳು ಪಾತ್ರದ ಹೆಸರಿನಲ್ಲಿ ತಮ್ಮ ಮಾತು ಹೇಳುತ್ತಾರೆ. ಹಾಗೆ ಹೇಳಿದಾಗ ಮಾತು ಪಾತ್ರದ ಮೇಲೆಯೇ ನಿಂತಿರಲಿ. “ಆ ಹುಡುಗಿಯನ್ನ ಯಾರು ಕೇಳಿದ್ರೆ ಅವಳು ಹೇಳ್ತಿದ್ದಳು ಅನ್ಸುತ್ತೆ?” ಎಂದು ನಾನು ಕೇಳಬಹುದಿತ್ತು. ಗೆಳತಿಯ ವಿಷಯವನ್ನು ಬೇರೆ ಹೊತ್ತಿನಲ್ಲಿ, ಪುಸ್ತಕ ಕೈಯಲ್ಲಿಲ್ಲದಾಗ, ನಡೆದು ಬರುವಾಗಲೋ ತಲೆ ಬಾಚುವಾಗಲೋ ಎತ್ತಬಹುದಿತ್ತು. ಕೊನೆಗೆ ಹಾಗೆಯೇ ಮಾಡಿದೆ. ಶಿಕ್ಷಕಿಗೂ ತಿಳಿಸಿದೆ, ಆ ವಿಷಯ ನಿಧಾನವಾಗಿ ಸರಿಹೋಯಿತು. ಮಗು ಹೇಳಿದ್ದು ಅಪಾಯದ ಸಂಗತಿಯಾದರೆ ಮಾತ್ರ ಕಾಯುತ್ತ ಕೂರಬೇಡಿ, ಆಗ ಪುಸ್ತಕ ಪಕ್ಕಕ್ಕಿಡಿ. ಉಳಿದಂತೆ ಅವಸರ ಬೇಡ.

ಹತ್ತನೇ ದಿನ ಮಾತು ಮತ್ತೆ ಹತ್ತಿಕೊಂಡದ್ದು ಅವಳ ಅಪ್ಪನಿಂದ. ಅವರು ಬಟ್ಟೆ ಇಸ್ತ್ರಿ ಮಾಡುತ್ತ, “ಆ ಗಡಿಯಾರ ರಿಪೇರಿ ಆಯ್ತೇನೇ?” ಎಂದರು. ಪುಸ್ತಕ ಓದದ ಮನುಷ್ಯ, ಗಡಿಯಾರದ ಬಗ್ಗೆ ಅವರಿಗೆ ನಿಜವಾದ ಕುತೂಹಲ. ಸ್ಪ್ರಿಂಗ್ ಮುರಿದಿತ್ತಾ, ಗಾಜು ಮಾತ್ರ ಒಡೆದಿತ್ತಾ ಅಂತ ಇಬ್ಬರೂ ಪುಟ ಹುಡುಕತೊಡಗಿದರು. ನಾನು ಅಡುಗೆಮನೆಯಲ್ಲೇ ಉಳಿದುಬಿಟ್ಟೆ.

ಆ ಹೊತ್ತಿಗೆ ನನಗೆ ಬಹಳ ಸಹಾಯವಾದದ್ದು ಬ್ರಿಟನ್ನಿನ ಮಕ್ಕಳ ಲೇಖಕ ಏಡನ್ ಚೇಂಬರ್ಸ್ ಶಿಕ್ಷಕರಿಗಾಗಿ ರೂಪಿಸಿದ ಕ್ರಮ. ನಾಲ್ಕೇ ವಿಷಯ: ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ, ಯಾವುದು ಗೊಂದಲ ಹುಟ್ಟಿಸಿತು, ಯಾವುದು ಯಾವುದಕ್ಕೆ ಹೊಂದುತ್ತದೆ. “ಯಾಕೆ?” ಎಂದು ನೇರ ಕೇಳಿದರೆ ಮಗುವಿಗೆ ಕಟಕಟೆಯಲ್ಲಿ ನಿಂತಂತಾಗುತ್ತದೆ, ಅದರ ಬದಲು “ಹೇಳು” ಎಂದು ಆರಂಭಿಸಿ ಎನ್ನುತ್ತಾರೆ ಅವರು. ನಮ್ಮ ಮನೆಯಲ್ಲಿ ಅದು “ಹೇಳು ನೋಡೋಣ” ಆಯಿತು. ನಾಲ್ಕರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು “ಇಷ್ಟವಾಗಲಿಲ್ಲ” ಎಂಬುದು. ಶಾಲೆ ಕೊಟ್ಟ ಪುಸ್ತಕ ಚೆನ್ನಾಗಿಲ್ಲ ಎನ್ನಲು ತನಗೆ ಅನುಮತಿ ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. “ಕೊನೆ ಅಧ್ಯಾಯ ಬೇರೆ ಯಾರೋ ಬರೆದ ಹಾಗಿದೆ” ಎಂದಳು ಒಮ್ಮೆ. ದೊಡ್ಡವರ ವಿಮರ್ಶೆಯಲ್ಲೂ ನಾನು ಇಷ್ಟು ನೇರ ಮಾತು ಓದಿದ್ದು ಕಡಿಮೆ. ಹಾಗೆಯೇ ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಬಿಡಿ. ಬಿಟ್ಟದ್ದು ಯಾವ ಪುಟದಲ್ಲಿ ಅಂತ ಮಾತ್ರ ಕೇಳಿ, ಅಲ್ಲೊಂದು ಒಳ್ಳೆಯ ಮಾತು ಕಾದಿರುತ್ತದೆ.

ಈಗ ದಾಖಲೆಯ ವಿಷಯ. ನೋಟ್‌ಬುಕ್ ಪ್ರತಿದಿನ ತುಂಬಬೇಕಿತ್ತು, ನಮ್ಮ ಮನೆಯಲ್ಲಿ ಮಾತು ಪ್ರತಿದಿನ ಆಗುತ್ತಿರಲಿಲ್ಲ. ವಾರಕ್ಕೆ ಎರಡು ಒಳ್ಳೆಯ ಮಾತುಕತೆ ಸಿಕ್ಕರೆ ಹೆಚ್ಚು. ಸುಳ್ಳು ಸಾರಾಂಶ ಬರೆಯಲು ಮನಸ್ಸು ಒಪ್ಪದೆ ಶಿಕ್ಷಕಿಗೆ ಒಂದು ಪತ್ರ ಬರೆದೆ. ದೂರಿನ ಧಾಟಿ ಬರದಂತೆ ಮೂರು ಸಲ ತಿದ್ದಿದೆ. ಸಾರಾಂಶದ ಬದಲು ವಾರದಲ್ಲಿ ಎರಡು ಸಲ ಮಗು ಆಡಿದ ಒಂದು ವಾಕ್ಯವನ್ನು ಅದರ ಮಾತಿನಲ್ಲೇ ಬರೆಯಬಹುದೇ ಎಂಬುದಷ್ಟೇ ನನ್ನ ಕೋರಿಕೆ. ಮೂರು ವಾರ ಉತ್ತರ ಬರಲಿಲ್ಲ. ಆ ನಡುವೆ “ಸಹಿ ಇಲ್ಲ” ಎಂದು ಎರಡು ಸಲ ಷರಾ ಬಂತು, ಮಗಳು ಗಾಬರಿಯಾದಳು. ಕೊನೆಗೆ ಪೋಷಕರ ಸಭೆಯ ದಿನ ಎಲ್ಲರೂ ಹೋದ ಮೇಲೆ ಕಾದು ಮಾತಾಡಿದೆ. ಶಿಕ್ಷಕಿ ಎದುರಿಗಿದ್ದ ನೋಟ್‌ಬುಕ್‌ಗಳ ರಾಶಿ ತೋರಿಸಿ, ಇಷ್ಟನ್ನೂ ಓದಿ ಷರಾ ಬರೆಯುವುದು ತಮಗೂ ಭಾರವಾಗಿದೆ ಎಂದರು. ನಮ್ಮ ಕ್ರಮಕ್ಕೆ ಒಪ್ಪಿದರು. ಎರಡು ತಿಂಗಳ ನಂತರ ಇಡೀ ತರಗತಿಗೆ ಅದನ್ನೇ ಮಾಡಿದರು. ಕೇಳುವವರಿಗೆ ನನ್ನ ಸಲಹೆ: ಪತ್ರಕ್ಕೆ ಕಾಯಬೇಡಿ, ಮುಖತಃ ಹೋಗಿ, ಮಗುವಿನ ಒಂದೆರಡು ವಾಕ್ಯ ಬರೆದುಕೊಂಡು ಹೋಗಿ ತೋರಿಸಿ. ನಾನು “ಬಾಗಿಲು ಮೆತ್ತಗೆ ಹಾಕ್ತಿದಾನೆ” ಎಂಬ ಪುಟ ತೆರೆದು ಇಟ್ಟಿದ್ದೆ.

ಖರ್ಚಿನ ಬಗ್ಗೆ ಹೇಳುವುದಾದರೆ, ಹಣ ಹೋದದ್ದು ಗ್ರಂಥಾಲಯದ ಸದಸ್ಯತ್ವಕ್ಕೆ ಮತ್ತು ತಡವಾಗಿ ಹಿಂದಿರುಗಿಸಿದ ದಂಡಕ್ಕೆ ಮಾತ್ರ. ಕಾರ್ಡಿಗೆ ಗುರುತಿನ ಮತ್ತು ವಿಳಾಸದ ಪುರಾವೆ ಬೇಕಾಯಿತು. ಮಗುವಿನ ಹೆಸರಿನಲ್ಲೂ ಪ್ರತ್ಯೇಕ ಕಾರ್ಡ್ ಸಿಗುತ್ತದೆಯೇ ಎಂದು ಮೊದಲ ದಿನವೇ ಕೇಳಿ, ನಾವು ಕೇಳದೆ ಎರಡನೇ ಸಲ ಹೋಗಬೇಕಾಯಿತು. ಒಂದೇ ಪುಸ್ತಕದ ಎರಡು ಪ್ರತಿ ಸಿಗದಿದ್ದರೆ ಪರವಾಗಿಲ್ಲ, ಗಟ್ಟಿಯಾಗಿ ಓದಿ ಹೇಳಿ. ಓದಲು ಕಲಿತ ಮಗುವಿಗೆ ಓದಿ ಹೇಳುವುದನ್ನು ನಿಲ್ಲಿಸಬೇಕು ಎಂದು ನಾನು ತಿಳಿದಿದ್ದೆ. ಅದು ತಪ್ಪು. ಮಗುವಿಗೆ ತಾನಾಗಿ ಓದಲು ಕಷ್ಟವಾಗುವ ಕಥೆಯೂ ಕೇಳಿದಾಗ ಅರ್ಥವಾಗುತ್ತದೆ, ಮಾತಾಡಲು ಅದರಲ್ಲಿ ಹೆಚ್ಚಿರುತ್ತದೆ. ನಿಜವಾಗಿ ಖರ್ಚಾದದ್ದು ಸಮಯ, ಅದೂ ದಿನದ ಕೊನೆಯ, ಎಲ್ಲರೂ ದಣಿದಿರುವ ಸಮಯ. ಮಲಗುವ ಹೊತ್ತು ನಮಗೆ ಹೊಂದಲಿಲ್ಲವೆಂದು ಕೊನೆಕೊನೆಗೆ ಮಾತನ್ನು ಬಟ್ಟೆ ಮಡಿಸುವ ಹೊತ್ತಿಗೆ ಸರಿಸಿದೆವು. ಕೈಗೆ ಕೆಲಸವಿದ್ದು, ಮುಖ ಮುಖ ನೋಡುವ ಅಗತ್ಯವಿಲ್ಲದಾಗ ಮಕ್ಕಳು ಹೆಚ್ಚು ಮಾತಾಡುತ್ತಾರೆ.

ತರಗತಿಯ ಇನ್ನು ಕೆಲವು ಪೋಷಕರು ಬಂದು ಕೇಳಿದಾಗ ಒಂದು ಮಧ್ಯಾಹ್ನ ಸೇರಿದ್ದೆವು. ಪ್ರಶ್ನೆಗಳ ಪಟ್ಟಿ ಕೊಡಿ ಎಂದರು. ನಾನು ಕೊಡಲಿಲ್ಲ, ಪಟ್ಟಿ ಕೈಗೆ ಬಂದರೆ ಅದು ಮತ್ತೆ ಪರೀಕ್ಷೆಯಾಗುತ್ತದೆ. ಬದಲಿಗೆ ಮಾತೇ ಇಲ್ಲದ ಒಂದು ಚಿತ್ರಪುಸ್ತಕವನ್ನು ನಡುವೆ ಇಟ್ಟು, ನಾವು ದೊಡ್ಡವರೇ ಅದರ ಬಗ್ಗೆ ಮಾತಾಡಿದೆವು. ಮೊದಲು ಎಲ್ಲರೂ ಸಂಕೋಚದಿಂದ ಸುಮ್ಮನಿದ್ದರು. ಆಮೇಲೆ ಒಬ್ಬ ತಂದೆ, ತಮಗೆ ಓದು ಬರಹ ಅಷ್ಟಾಗಿ ಬಾರದು ಎಂದು ಮೊದಲೇ ಹೇಳಿಕೊಂಡಿದ್ದವರು, ಒಂದು ಚಿತ್ರದಲ್ಲಿ ಎರಡು ಕಡೆ ನೆರಳು ಬಿದ್ದಿರುವುದನ್ನು ತೋರಿಸಿ, “ದೀಪ ಎರಡಿದೆ, ಅಂದ್ರೆ ಆ ಮನೇಲಿ ಇನ್ನೊಬ್ಬರು ಯಾರೋ ಇದ್ದಾರೆ” ಎಂದರು. ಎಲ್ಲರೂ ಬಗ್ಗಿ ನೋಡಿದರು. ಆ ಪುಸ್ತಕವನ್ನು ಮಗನಿಗೆ ತೋರಿಸಲು ಅವರೇ ಮನೆಗೆ ಒಯ್ದರು.

ನೋಟ್‌ಬುಕ್ ಮುಗಿದರೂ ಗಡಿಯಾರದ ಪುಸ್ತಕ ಮುಗಿದಿಲ್ಲ. ಕೊನೆಯಲ್ಲಿ ಆ ಹುಡುಗಿ ತಾತನಿಗೆ ನಿಜ ಹೇಳುತ್ತಾಳೆ. ಅಷ್ಟು ತಡವಾಗಿ ಹೇಳುವುದಕ್ಕಿಂತ ಹೇಳದಿದ್ದರೇ ಚೆನ್ನಾಗಿತ್ತು ಎಂಬುದು ಅಜ್ಜಿಯ ವಾದ, ತಾತನಿಗೆ ಯಾವತ್ತೋ ಗೊತ್ತಿತ್ತು, ಅವನೂ ಕೇಳದೆ ತಪ್ಪು ಮಾಡಿದ ಎಂಬುದು ಮಗಳ ವಾದ. ನಿನ್ನೆ ಅತ್ತೆ, “ಆ ಅಧ್ಯಾಯ ಇನ್ನೊಂದ್ಸಲ ಓದು, ತಾತ ಏನಂದ ಅಂತ ಸರಿಯಾಗಿ ಕೇಳಿಸ್ಕೋಬೇಕು” ಎಂದರು. ಅದಕ್ಕಾಗಿಯೇ ಇವತ್ತು ಹೋಗಿ ಅದನ್ನು ಮೂರನೇ ಸಲ ನಮ್ಮ ಹೆಸರಿಗೆ ಬರೆಸಿಕೊಂಡು ಬಂದಿದ್ದೇನೆ. ವಾಪಸ್ ಕೊಡಬೇಕಾದದ್ದು ಮುಂದಿನ ಗುರುವಾರ.